ಮಾತು ಕೇಳಿಸಲೆಂದು ಕಟ್ಟಿದ ಮನೆ: ಮೆಥೋಡಿಸ್ಟ್ ಚಾಪೆಲ್‌ನ ವಾಸ್ತುಶಿಲ್ಪ



ವಾಸ್ತುಶಿಲ್ಪ ಎಂದ ಕೂಡಲೇ ನಮಗೆ ನೆನಪಾಗುವುದು ಬಾದಾಮಿಯ ಗುಹೆಗಳು, ಪಟ್ಟದಕಲ್ಲಿನ ಗುಡಿಗಳು, ವಿಜಯಪುರದ ಗೋಳಗುಮ್ಮಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಶೈಕ್ಷಣಿಕ ಪ್ರವಾಸ ಹೊರಟರೆ ಬಸ್ಸು ನಿಲ್ಲುವುದೂ ಅಲ್ಲಿಯೇ. ದೊಡ್ಡ ಕಟ್ಟಡ ನೋಡಿದರೆ ದೊರೆಯ ಹೆಸರು, ಇಸವಿ, ಶೈಲಿ ಬರೆದುಕೊಂಡು ಬರುತ್ತೇವೆ. ಆದರೆ ದೊರೆ ಕಟ್ಟಿಸದ, ಶಿಲ್ಪಗಳಿಲ್ಲದ, ಹೊರಗಿನಿಂದ ನೋಡಿದರೆ ಶಾಲೆಯಂತೆ ಕಾಣುವ ಕಟ್ಟಡವನ್ನು ಓದುವುದು ಹೇಗೆ? ಅಂಥ ಕಟ್ಟಡಕ್ಕೂ ಒಂದು ವಾಸ್ತುಶಿಲ್ಪ ಇರುತ್ತದೆಯೇ?

ಇರುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ಮೆಥೋಡಿಸ್ಟ್ ಚಾಪೆಲ್. ಈ ಪಾಠದಲ್ಲಿ ಇಂಗ್ಲೆಂಡಿನಲ್ಲಿ ಈ ಬಗೆಯ ಕಟ್ಟಡ ಹುಟ್ಟಿದ ಬಗೆ, ಅದರ ಒಂದೊಂದು ಭಾಗಕ್ಕೂ ಇರುವ ಕಾರಣ, ಮತ್ತು ಅದು ಕರ್ನಾಟಕಕ್ಕೆ ಬಂದ ದಾರಿಯನ್ನು ನೋಡೋಣ. ಇತಿಹಾಸದ ಜೊತೆಗೆ ಸ್ವಲ್ಪ ಗಣಿತ, ಸ್ವಲ್ಪ ಭೌತಶಾಸ್ತ್ರವೂ ಬರುತ್ತದೆ. ಆದ್ದರಿಂದ ಕಲಾ ವಿಭಾಗದವರೂ ವಿಜ್ಞಾನ ವಿಭಾಗದವರೂ ಓದಬಹುದು.

1. ಹೆಸರುಗಳ ಪರಿಚಯ

18ನೇ ಶತಮಾನದ ಇಂಗ್ಲೆಂಡಿನಲ್ಲಿ ಸರ್ಕಾರದ ಮನ್ನಣೆ ಪಡೆದ ಆಂಗ್ಲಿಕನ್ ಸಭೆ ಇತ್ತು. ಪ್ರತಿ ಊರಿಗೂ ಅದರ ಒಂದು ಚರ್ಚ್ ಇರುತ್ತಿತ್ತು. ಅದರ ಹೊರಗೆ ಜನ ಕೂಡಿಕೊಂಡು ಪ್ರಾರ್ಥನೆ, ಉಪದೇಶಗಳಿಗೆ ಕಟ್ಟಿಕೊಂಡ ಮನೆಗಳನ್ನು ಸಾಮಾನ್ಯವಾಗಿ 'ಚಾಪೆಲ್' ಎನ್ನುತ್ತಿದ್ದರು. ಮೆಥೋಡಿಸ್ಟರು ಮೊದಮೊದಲು ಆ ಹೆಸರನ್ನೂ ಹೆಚ್ಚು ಬಳಸದೆ 'ಉಪದೇಶದ ಮನೆ' ಎಂದೇ ಕರೆಯುತ್ತಿದ್ದರು. ಕಟ್ಟಡದ ಕೆಲಸ ಏನೆಂಬುದು ಆ ಹೆಸರಿನಲ್ಲೇ ಇದೆ.

ಮೆಥೋಡಿಸ್ಟ್ ಚಳವಳಿಯ ಮುಖಂಡರು ಜಾನ್ ವೆಸ್ಲಿ (1703–1791) ಮತ್ತು ಅವರ ತಮ್ಮ ಚಾರ್ಲ್ಸ್ ವೆಸ್ಲಿ. ಇಬ್ಬರೂ ಆಕ್ಸ್‌ಫರ್ಡಿನಲ್ಲಿ ಓದಿದವರು, ಆಂಗ್ಲಿಕನ್ ಪಾದ್ರಿಗಳು. ಓದು, ಉಪವಾಸ, ಪ್ರಾರ್ಥನೆ, ಸೆರೆಮನೆಗೆ ಭೇಟಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ, ಕ್ರಮ ತಪ್ಪದೆ ಮಾಡುತ್ತಿದ್ದ ಅವರ ಗುಂಪನ್ನು ಸಹಪಾಠಿಗಳು 'ಕ್ರಮದವರು' ಎಂಬ ಅರ್ಥದಲ್ಲಿ ಮೆಥೋಡಿಸ್ಟರು ಎಂದು ಗೇಲಿ ಮಾಡಿದರು. ಗೇಲಿಯ ಹೆಸರೇ ಕೊನೆಗೆ ಉಳಿಯಿತು.

1739ರ ಏಪ್ರಿಲ್‌ನಲ್ಲಿ ಜಾನ್ ವೆಸ್ಲಿ ಬ್ರಿಸ್ಟಲ್ ನಗರದಲ್ಲಿ ಮೊದಲ ಸಲ ಬಯಲಿನಲ್ಲಿ ನಿಂತು ಉಪದೇಶ ಮಾಡಿದರು. ಕೇಳಲು ಬಂದವರಲ್ಲಿ ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕಾರ್ಮಿಕರೂ ಇದ್ದರು. ಊರಿನ ಚರ್ಚಿನಲ್ಲಿ ಇಂಥವರಿಗೆ ಜಾಗ ಸಿಗುವುದು ಕಷ್ಟವಿತ್ತು. ಬಯಲಿನಲ್ಲಿ ಮಳೆ, ಗಾಳಿ, ಚಳಿ. ದನಿ ಗಾಳಿಗೆ ಹೋಗುತ್ತದೆ. ಹೀಗಾಗಿ ಒಂದು ಸೂರು ಬೇಕಾಯಿತು. ಮೆಥೋಡಿಸ್ಟ್ ವಾಸ್ತುಶಿಲ್ಪ ಶುರುವಾಗುವುದು ಈ ಅಗತ್ಯದಿಂದ.

2. ಮೊದಲ ಮನೆ: ಬ್ರಿಸ್ಟಲ್‌ನ 'ಹೊಸ ಕೋಣೆ'

ಅದೇ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಲು ತೊಡಗಿದ ಮನೆಗೆ 'ನ್ಯೂ ರೂಮ್', ಅಂದರೆ ಹೊಸ ಕೋಣೆ ಎಂದು ಹೆಸರು. 1748ರಲ್ಲಿ ಅದನ್ನು ದೊಡ್ಡದು ಮಾಡಿದರು. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮೆಥೋಡಿಸ್ಟ್ ಕಟ್ಟಡ ಇದು.

ಒಳಗೆ ಗೋಪುರವಿಲ್ಲ, ಮೂರ್ತಿಯಿಲ್ಲ, ಚಿತ್ರವಿಲ್ಲ. ಬಿಳಿ ಗೋಡೆ, ಕಂಬಗಳು, ಬೆಂಚುಗಳು, ಎತ್ತರದಲ್ಲಿ ಎರಡು ಅಂತಸ್ತಿನ ಪ್ರಸಂಗಪೀಠ. ಛಾವಣಿಯ ನಡುವೆ ಎಂಟು ಮೂಲೆಯ ಒಂದು ಬೆಳಕಿಂಡಿ. ಬೆಳಕು ಹೆಚ್ಚಾಗಿ ಮೇಲಿನಿಂದಲೇ ಬರುತ್ತದೆ. ಆ ಕಾಲದಲ್ಲಿ ಮೆಥೋಡಿಸ್ಟರ ಮೇಲೆ ಗುಂಪು ಕಟ್ಟಿಕೊಂಡು ಬಂದು ಕಲ್ಲು ತೂರುವುದು ಸಾಮಾನ್ಯವಾಗಿತ್ತು. ಕೆಳಗಡೆ ಬೀದಿಯ ಮಟ್ಟಕ್ಕೆ ಕಿಟಕಿ ಇಡದಿರಲು ಅದೂ ಒಂದು ಕಾರಣ ಎಂದು ವಿವರಿಸುತ್ತಾರೆ.

ಈ ಕಟ್ಟಡದ ಇನ್ನೊಂದು ವಿಶೇಷವೆಂದರೆ ಒಂದೇ ಸೂರಿನಡಿ ಹಲವು ಕೆಲಸ. ಮೇಲಿನ ಅಂತಸ್ತಿನಲ್ಲಿ ಊರೂರು ಸುತ್ತುವ ಉಪದೇಶಕರು ತಂಗುವ ಕೋಣೆಗಳಿದ್ದವು. ಕೆಳಗಿನ ಕೋಣೆಯಲ್ಲಿ ಬಡಮಕ್ಕಳಿಗೆ ಪಾಠ, ಬಡರೋಗಿಗಳಿಗೆ ಔಷಧ. ಮುಂದೆ ನಮ್ಮ ದೇಶದಲ್ಲೂ ಮಿಶನ್ನಿನ ಆವರಣದಲ್ಲಿ ಪ್ರಾರ್ಥನಾ ಮಂದಿರ, ಶಾಲೆ, ದವಾಖಾನೆ ಒಟ್ಟಿಗೆ ಇರುವುದನ್ನು ಕಾಣುತ್ತೇವಲ್ಲ, ಆ ಏರ್ಪಾಡು ಮೆಥೋಡಿಸ್ಟರ ಮೊದಲ ಮನೆಯಲ್ಲೇ ಇತ್ತು.

ಲಂಡನ್ನಿನಲ್ಲೂ ಹೀಗೆಯೇ. ಅಲ್ಲಿ ವೆಸ್ಲಿ ಹೊಸದಾಗಿ ಕಟ್ಟಲಿಲ್ಲ. ತೋಪುಗಳನ್ನು ಎರಕ ಹೊಯ್ಯುತ್ತಿದ್ದ, ಪಾಳುಬಿದ್ದ ಒಂದು ಕಾರ್ಖಾನೆಯನ್ನು ಹಿಡಿದು ದುರಸ್ತಿ ಮಾಡಿಸಿದರು. 'ಫೌಂಡ್ರಿ' ಎಂಬ ಹಳೆಯ ಹೆಸರಿನಿಂದಲೇ ಅದು ಸುಮಾರು ನಲವತ್ತು ವರ್ಷ ಮೆಥೋಡಿಸ್ಟರ ಮುಖ್ಯ ಕೇಂದ್ರವಾಗಿತ್ತು.

3. ಎಂಟು ಮೂಲೆಯ ಲೆಕ್ಕ

1757ರಲ್ಲಿ ನಾರ್ವಿಚ್ ನಗರದಲ್ಲಿ ವೆಸ್ಲಿ ಬೇರೆ ಪಂಥದವರು ಕಟ್ಟಿದ್ದ ಎಂಟು ಮೂಲೆಯ ಚಾಪೆಲ್ ನೋಡಿದರು. ಅದು ಅವರಿಗೆ ಬಹಳ ಹಿಡಿಸಿತು. ಜಾಗ ಒಪ್ಪುವ ಕಡೆಯಲ್ಲೆಲ್ಲ ಉಪದೇಶದ ಮನೆಯನ್ನು ಎಂಟು ಮೂಲೆಯಾಗಿಯೇ ಕಟ್ಟಿರಿ ಎಂದು ತಮ್ಮವರಿಗೆ ಸೂಚನೆ ಕೊಟ್ಟರು. ಯಾರ್ಮ್ ಮತ್ತು ಹೆಪ್ಟನ್‌ಸ್ಟಾಲ್ ಎಂಬ ಊರುಗಳಲ್ಲಿ 1760ರ ದಶಕದಲ್ಲಿ ಕಟ್ಟಿದ ಅಂಥ ಚಾಪೆಲ್‌ಗಳು ಇಂದಿಗೂ ನಿಂತಿವೆ.

ಏಕೆ ಎಂಟು ಮೂಲೆ? ಒಂದು ಲೆಕ್ಕ ಮಾಡೋಣ. 400 ಚದರ ಮೀಟರ್ ನೆಲ ಬೇಕು ಎಂದುಕೊಳ್ಳಿ.

ಚೌಕವಾದರೆ ಒಂದು ಬದಿ 20 ಮೀಟರ್, ಸುತ್ತಳತೆ 80 ಮೀಟರ್.

ಅಗಲದ ಎರಡರಷ್ಟು ಉದ್ದವಿರುವ ಆಯತವಾದರೆ ಬದಿಗಳು ಸುಮಾರು 14.1 ಮತ್ತು 28.3 ಮೀಟರ್, ಸುತ್ತಳತೆ ಸುಮಾರು 85 ಮೀಟರ್.

ಸಮ ಅಷ್ಟಭುಜವಾದರೆ ಅದರ ಕ್ಷೇತ್ರಫಲ ಬದಿಯ ವರ್ಗದ 4.83 ಪಟ್ಟು. ಹಾಗಾಗಿ ಬದಿ ಸುಮಾರು 9.1 ಮೀಟರ್, ಸುತ್ತಳತೆ ಸುಮಾರು 73 ಮೀಟರ್.

ಅಂದರೆ ಅಷ್ಟೇ ಜನ ಕೂಡುವ ನೆಲಕ್ಕೆ ಆಯತಕ್ಕಿಂತ 12 ಮೀಟರ್ ಗೋಡೆ ಕಡಿಮೆ. ಇಟ್ಟಿಗೆ, ಗಾರೆ, ಕೂಲಿ ಎಲ್ಲದರಲ್ಲೂ ಉಳಿತಾಯ. ಜೊತೆಗೆ ಉದ್ದನೆಯ ಆಯತದಲ್ಲಿ ಕೊನೆಯ ಸಾಲಿನವರು ಬಹಳ ದೂರ ಉಳಿಯುತ್ತಾರೆ. ಅಷ್ಟಭುಜದಲ್ಲಿ ಎಲ್ಲರೂ ಮಾತನಾಡುವವರಿಗೆ ಹತ್ತಿರ.

ಆದರೂ ಈ ಆಕಾರ ಹೆಚ್ಚು ಕಾಲ ನಡೆಯಲಿಲ್ಲ. ಎಂಟು ಗೋಡೆಗಳ ಮೇಲೆ ಛಾವಣಿ ಕೂಡಿಸುವುದು ಬಡಿಗರಿಗೆ ತಲೆನೋವು. ಸಭೆ ಬೆಳೆದಾಗ ಕಟ್ಟಡ ಹಿಗ್ಗಿಸುವುದೂ ಕಷ್ಟ. ಆಯತವಾದರೆ ಹಿಂದಿನ ಗೋಡೆ ಒಡೆದು ಉದ್ದ ಮಾಡಿದರೆ ಮುಗಿಯಿತು. ಹೆಪ್ಟನ್‌ಸ್ಟಾಲ್‌ನಲ್ಲಿ ಜನ ಹೆಚ್ಚಾದಾಗ ಅಷ್ಟಭುಜವನ್ನೇ ಒಂದು ದಿಕ್ಕಿಗೆ ಎಳೆದು ಉದ್ದ ಮಾಡಬೇಕಾಯಿತು.

4. ಲಂಡನ್ನಿನ ವೆಸ್ಲಿ ಚಾಪೆಲ್

ಹಳೆಯ ಫೌಂಡ್ರಿ ಬಿಡಬೇಕಾಗಿ ಬಂದಾಗ ಲಂಡನ್ನಿನ ಸಿಟಿ ರಸ್ತೆಯಲ್ಲಿ ಹೊಸ ಚಾಪೆಲ್‌ಗೆ 1777ರ ಏಪ್ರಿಲ್‌ನಲ್ಲಿ ಅಡಿಗಲ್ಲು ಹಾಕಿದರು. 1778ರ ನವೆಂಬರ್ 1ರಂದು ಅದು ತೆರೆಯಿತು. ನಕ್ಷೆ ಮಾಡಿದವರು ಲಂಡನ್ ನಗರದ ವಾಸ್ತುಶಿಲ್ಪಿ ಕಿರಿಯ ಜಾರ್ಜ್ ಡ್ಯಾನ್ಸ್. ಆಗ ವೆಸ್ಲಿಯವರಿಗೆ 75 ವರ್ಷ. ಪಕ್ಕದ ಮನೆಯಲ್ಲೇ ವಾಸವಿದ್ದ ಅವರು 1791ರ ಮಾರ್ಚ್ 2ರಂದು ಅಲ್ಲಿಯೇ ತೀರಿಕೊಂಡರು. ಸಮಾಧಿ ಚಾಪೆಲ್ ಹಿಂಬದಿಯಲ್ಲಿದೆ.

ಹೊರಗಡೆ ಇಟ್ಟಿಗೆ ಗೋಡೆ, ಕಮಾನಿನ ತಲೆಯ ಉದ್ದ ಕಿಟಕಿಗಳು, ಮುಂಭಾಗದ ನೆತ್ತಿಯಲ್ಲಿ ಸರಳ ತ್ರಿಕೋನ. ಒಳಗೆ ಮೂರು ಬದಿಗೆ ಗ್ಯಾಲರಿ, ಅಂದರೆ ಕೂಡಲು ಅಟ್ಟ. ಆ ಗ್ಯಾಲರಿಯನ್ನು ಹೊತ್ತ ಮೊದಲಿನ ಕಂಬಗಳು ಕಲ್ಲಿನವಲ್ಲ, ಹಡಗಿನ ಹಾಯಿಕಂಬಗಳು! ಡೆಪ್ಟ್‌ಫರ್ಡ್ ನೌಕಾಂಗಣದಿಂದ ದೊರೆ ಮೂರನೇ ಜಾರ್ಜ್ ಅವುಗಳನ್ನು ಕೊಡಿಸಿದ್ದರು. ಹಾಯಿಕಂಬ ತೆಳ್ಳಗಿದ್ದರೂ ಗಟ್ಟಿ. ದಪ್ಪ ಕಲ್ಲುಕಂಬವಾದರೆ ಹಿಂದೆ ಕುಳಿತವರಿಗೆ ಮುಂದಿನದು ಮರೆಯಾಗುತ್ತಿತ್ತು. 1891ರಲ್ಲಿ, ವೆಸ್ಲಿ ತೀರಿಕೊಂಡು ನೂರು ವರ್ಷವಾದಾಗ, ಅವುಗಳನ್ನು ತೆಗೆದು ಬೇರೆ ಬೇರೆ ದೇಶದ ಮೆಥೋಡಿಸ್ಟರು ಕೊಟ್ಟ ಜಾಸ್ಪರ್ ಕಲ್ಲಿನ ಕಂಬಗಳನ್ನು ನಿಲ್ಲಿಸಿದರು. 1879ರಲ್ಲಿ ಬೆಂಕಿ ಬಿದ್ದು ಛಾವಣಿ ಹಾಳಾದಾಗ ಮೊದಲಿನ ಮಾದರಿಯಲ್ಲೇ ಮತ್ತೆ ಮಾಡಿದ್ದರು. ನಾವು ಇಂದು ನೋಡುವ ಹಳೆಯ ಕಟ್ಟಡದಲ್ಲಿ ಎಷ್ಟು ಹಳೆಯದು, ಎಷ್ಟು ಹೊಸದು ಎಂದು ಕೇಳುವ ರೂಢಿ ಇತಿಹಾಸದ ವಿದ್ಯಾರ್ಥಿಗೆ ಇರಬೇಕು.

ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ಮೂರು ಅಂತಸ್ತಿನ ಪ್ರಸಂಗಪೀಠ. ಕರ್ತನ ಭೋಜನದ ಮೇಜು ಅದರ ಹಿಂದೆ. ಹಳೆಯ ದೊಡ್ಡ ಚರ್ಚುಗಳಲ್ಲಿ ಕಣ್ಣು ಮೊದಲು ಬಲಿಪೀಠದ ಕಡೆಗೆ ಹೋಗುತ್ತದೆ. ಇಲ್ಲಿ ಮೊದಲು ಕಾಣುವುದು ಮಾತನಾಡುವ ಜಾಗ. ಮುಂದೆ ಈ ಪೀಠದ ಎತ್ತರವನ್ನು ತಗ್ಗಿಸಿದರು, ಆದರೆ ಅದರ ಸ್ಥಾನದ ಮಹತ್ವ ತಗ್ಗಲಿಲ್ಲ.

5. ಭಾಗಗಳು ಮತ್ತು ಕಾರಣಗಳು

ಇಷ್ಟು ನೋಡಿದ ಮೇಲೆ ಚಾಪೆಲ್‌ನ ಒಂದೊಂದು ಭಾಗಕ್ಕೂ ಕಾರಣ ಕೊಡಬಹುದು.

ಎತ್ತರದ ಪ್ರಸಂಗಪೀಠ: ಕೆಳಗೆ ನಿಂತು ಮಾತನಾಡಿದರೆ ದನಿ ಮುಂದಿನ ಸಾಲಿನವರ ಬಟ್ಟೆ, ಮೈಗಳಿಗೆ ತಾಗಿ ಹೀರಿಹೋಗುತ್ತದೆ. ಎತ್ತರದಿಂದ ಬಂದರೆ ತಲೆಗಳ ಮೇಲಿಂದ ನೇರವಾಗಿ ಹಿಂದಿನವರಿಗೆ ತಲುಪುತ್ತದೆ. ಮೈಕ್ ಇಲ್ಲದ ಕಾಲ ಎಂಬುದನ್ನು ನೆನಪಿಡಿ.

ಗ್ಯಾಲರಿ: ದೂರ ಎರಡು ಪಟ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೆಲದ ಮೇಲೇ ಎಲ್ಲರನ್ನೂ ಕೂಡಿಸಿದರೆ ಕೊನೆಯವರು 24 ಮೀಟರ್ ದೂರ ಇರುತ್ತಾರೆ ಎಂದುಕೊಳ್ಳಿ. ಅವರನ್ನೇ ಗ್ಯಾಲರಿಗೆ ಏರಿಸಿ 14 ಮೀಟರ್ ದೂರಕ್ಕೆ ತಂದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ಸುಮಾರು 3 ಪಟ್ಟು ಹೆಚ್ಚುತ್ತದೆ.

ಬಣ್ಣವಿಲ್ಲದ ಗಾಜಿನ ಕಿಟಕಿ: ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಕೀರ್ತನೆಗಳನ್ನು ಬರೆದರು. ಮೆಥೋಡಿಸ್ಟರಲ್ಲಿ ಗಾಯಕರ ತಂಡ ಹಾಡಿ ಉಳಿದವರು ಕೇಳುವುದಲ್ಲ, ಸಭೆಗೆ ಸಭೆಯೇ ಹಾಡಬೇಕು. ಹಾಡಲು ಪುಸ್ತಕ ಓದಬೇಕು, ಓದಲು ಬೆಳಕು ಬೇಕು.

ಸರಳತೆ: ಇದಕ್ಕೆ ವೆಸ್ಲಿ ಕೊಟ್ಟ ಕಾರಣ ಕೇವಲ ಭಕ್ತಿಯದಲ್ಲ. ಕಟ್ಟಡ ಅಚ್ಚುಕಟ್ಟಾಗಿರಲಿ, ಆದರೆ ಅಗತ್ಯಕ್ಕಿಂತ ಹೆಚ್ಚು ಖರ್ಚು ಬೇಡ. ಖರ್ಚು ಹೆಚ್ಚಾದರೆ ಶ್ರೀಮಂತರು ಬೇಕೇಬೇಕಾಗುತ್ತಾರೆ. ಅವರು ಬೇಕಾದ ಮೇಲೆ ಅವರ ಹಂಗಿಗೆ ಬಿದ್ದು, ಅವರು ಹೇಳಿದಂತೆ ನಡೆಯಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು.

6. ಗೋಳಗುಮ್ಮಟ ಮತ್ತು ಚಾಪೆಲ್: ಧ್ವನಿಯ ಪಾಠ

ವಿಜಯಪುರದಲ್ಲಿ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ನಿಮ್ಮಲ್ಲಿ ಹಲವರು ಹೋಗಿರಬಹುದು. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಹಲವು ಸಲ ಮರುದನಿಯಾಗುತ್ತದೆ. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಕೇಳುತ್ತದೆ. ಆದರೆ ಅಲ್ಲಿ ನಿಂತು ಅರ್ಧ ಗಂಟೆ ಭಾಷಣ ಮಾಡಿದರೆ? ಒಂದು ಶಬ್ದ ಅಡಗುವ ಮೊದಲೇ ಮುಂದಿನ ಶಬ್ದ ಬಂದು ಎಲ್ಲವೂ ಕಲಸಿಹೋಗುತ್ತದೆ. ಅದು ಗುಮ್ಮಟದ ದೋಷವಲ್ಲ. ಅದನ್ನು ಭಾಷಣಕ್ಕೆಂದು ಕಟ್ಟಿಲ್ಲ.

ಮೂಲ ನಿಂತ ಮೇಲೂ ಕೋಣೆಯಲ್ಲಿ ಧ್ವನಿ ಉಳಿಯುವುದಕ್ಕೆ ಅನುರಣನ ಎನ್ನುತ್ತೇವೆ. ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿಯ ಒಂದು ಉಪನ್ಯಾಸ ಮಂದಿರದಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ಸಬೀನ್ ರಾತ್ರಿಹೊತ್ತು ನಾಟಕ ಮಂದಿರದ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಇಟ್ಟು, ಧ್ವನಿ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಅವರು ಕಂಡುಕೊಂಡ ಸೂತ್ರ ಇದು:

ಅನುರಣನ ಕಾಲ (ಸೆಕೆಂಡ್) = 0.161 × ಕೋಣೆಯ ಘನಫಲ (ಘನ ಮೀಟರ್) ÷ ಒಟ್ಟು ಹೀರಿಕೆ (ಚದರ ಮೀಟರ್)

ಲೆಕ್ಕಕ್ಕಾಗಿ 20 ಮೀಟರ್ ಉದ್ದ, 12 ಮೀಟರ್ ಅಗಲ, 8 ಮೀಟರ್ ಎತ್ತರದ ಒಂದು ಚಾಪೆಲ್ ಕಲ್ಪಿಸಿಕೊಳ್ಳಿ. ಘನಫಲ 1920 ಘನ ಮೀಟರ್. ಖಾಲಿ ಇದ್ದಾಗ ಅದರ ಮರ, ಗಾರೆ, ಬೆಂಚುಗಳ ಒಟ್ಟು ಹೀರಿಕೆ 150 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಆಗ ಅನುರಣನ ಕಾಲ 309 ÷ 150, ಅಂದರೆ ಸುಮಾರು 2.1 ಸೆಕೆಂಡ್. ಈಗ 200 ಜನ ಬಂದು ಕುಳಿತರು. ಒಬ್ಬೊಬ್ಬರ ಹೀರಿಕೆ 0.45 ಎಂದು ಹಿಡಿದರೆ 90 ಸೇರಿ ಒಟ್ಟು 240. ಅನುರಣನ ಕಾಲ ಸುಮಾರು 1.3 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಲು ಸುಮಾರು 1 ಸೆಕೆಂಡ್ ಒಳ್ಳೆಯದು, ಹಾಡಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಪ್ರಸಂಗ, ಕೀರ್ತನೆ ಎರಡೂ ನಡೆಯುವ ಮನೆಗೆ 1.3 ಸೆಕೆಂಡ್ ಸರಿಹೊಂದುತ್ತದೆ. ಬಂದು ಕೂಡುವ ಜನರೇ ಆ ಕಟ್ಟಡದ ಧ್ವನಿಯನ್ನು ಸರಿಮಾಡುತ್ತಾರೆ ಎಂಬುದನ್ನು ಗಮನಿಸಿ.

ವೆಸ್ಲಿಯ ಕಾಲಕ್ಕೆ ಈ ಸೂತ್ರ ಇರಲಿಲ್ಲ. ಸಾವಿರಾರು ಸಲ ಬಯಲಿನಲ್ಲೂ ಕೋಣೆಯಲ್ಲೂ ಮಾತನಾಡಿ, ಯಾವ ಕೋಣೆಯಲ್ಲಿ ದನಿ ನಿಲ್ಲುತ್ತದೆ, ಯಾವುದರಲ್ಲಿ ಚೆದುರುತ್ತದೆ ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು.

7. ಯಾರು ಎಲ್ಲಿ ಕೂಡಬೇಕು?

ಕಟ್ಟಡ ಎಲ್ಲರಿಗೂ ಕೇಳಿಸುವಂತೆ ಇದ್ದರೆ ಸಾಲದು. ಎಲ್ಲರಿಗೂ ಒಳಗೆ ಕೂಡಲು ಬಿಡಬೇಕಲ್ಲ? ಮೆಥೋಡಿಸ್ಟ್ ಚಾಪೆಲ್‌ನ ನಿಜವಾದ ಪರೀಕ್ಷೆ ನಡೆದದ್ದು ಬೆಂಚುಗಳ ವಿಷಯದಲ್ಲಿ.

ಆ ಕಾಲದ ಇಂಗ್ಲೆಂಡಿನ ಊರ ಚರ್ಚುಗಳಲ್ಲಿ ಸ್ಥಿತಿವಂತ ಕುಟುಂಬಗಳಿಗೆ ಬಾಗಿಲು ಹಾಕಿದ ಪೆಟ್ಟಿಗೆಯಂಥ ಸ್ವಂತ ಆಸನಗಳಿದ್ದವು. ಅವುಗಳನ್ನು ಬಾಡಿಗೆಗೆ ಕೊಡುವುದೂ ಇತ್ತು. ಬಡವರಿಗೆ ಹಿಂದಿನ ಬೆಂಚು ಇಲ್ಲವೆ ನಿಲ್ಲುವ ಜಾಗ. ವೆಸ್ಲಿ ತಮ್ಮ ಮನೆಗಳಿಗೆ ಬೇರೆ ನಿಯಮ ಮಾಡಿದರು. ಪೆಟ್ಟಿಗೆ ಆಸನ ಬೇಡ. ಎಲ್ಲ ಬೆಂಚುಗಳೂ ಒಂದೇ ತರಹ, ಬೆನ್ನಿಗೆ ಒರಗು ಕೂಡ ಬೇಡ. ಮೊದಲು ಬಂದವರು ಮುಂದೆ ಕೂಡಲಿ. ನಡುವೆ ಕಟಾಂಜನ ಹಾಕಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಆಳು, ಒಡೆಯ ಒಂದೇ ಬೆಂಚಿನಲ್ಲಿ.

1787ರಲ್ಲಿ ಲಂಡನ್ ಚಾಪೆಲ್‌ನ ಸಮಿತಿಯವರೇ ಇದನ್ನು ಬದಲಿಸಲು ಹೊರಟರು. ಕುಟುಂಬದವರು ಒಟ್ಟಿಗೆ ಕೂಡಲಿ, ಪ್ರತಿಯೊಬ್ಬರಿಗೂ ತಮ್ಮದೇ ಆಸನವಿರಲಿ ಎಂದು ಕೇಳಿದರು. ಐವತ್ತು ವರ್ಷ ಕಟ್ಟಿಕೊಂಡು ಬಂದ ಕ್ರಮ ಒಂದೇ ಏಟಿಗೆ ಉರುಳುತ್ತದೆ ಎಂದು 84 ವರ್ಷದ ವೆಸ್ಲಿ ಕಳವಳಪಟ್ಟರು. ಅವರು ಹೋದ ಮೇಲೆ ಅದೇ ಆಯಿತು. 19ನೇ ಶತಮಾನದಲ್ಲಿ ಆಸನದ ಬಾಡಿಗೆ ಹಲವು ಮೆಥೋಡಿಸ್ಟ್ ಚಾಪೆಲ್‌ಗಳಿಗೂ ವರಮಾನದ ದಾರಿಯಾಯಿತು. ಕಟ್ಟಡ ದೊಡ್ಡದಾಯಿತು, ಸಾಲ ಬೆಳೆಯಿತು, ಸಾಲ ತೀರಿಸಲು ಆಸನ ಬಾಡಿಗೆಗೆ ಹೋಯಿತು. ಶ್ರೀಮಂತರ ಹಂಗಿನ ಬಗ್ಗೆ ವೆಸ್ಲಿ ಕೊಟ್ಟ ಎಚ್ಚರಿಕೆಯನ್ನು ಇಲ್ಲಿ ಮತ್ತೊಮ್ಮೆ ಓದಿಕೊಳ್ಳಿ.

ಅಮೆರಿಕದಲ್ಲಿ ನಡೆದದ್ದು ಇನ್ನೂ ಕಹಿ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥೋಡಿಸ್ಟ್ ಚರ್ಚಿನಲ್ಲಿ 18ನೇ ಶತಮಾನದ ಕೊನೆಯ ಭಾಗದಲ್ಲಿ ಕರಿಯ ಸದಸ್ಯರನ್ನು ಪ್ರತ್ಯೇಕವಾಗಿ ಕೂಡಿಸತೊಡಗಿದರು. ಒಂದು ದಿನ ಗ್ಯಾಲರಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಬ್ಸಲೋಮ್ ಜೋನ್ಸ್ ಅವರನ್ನು, ಜಾಗ ತಪ್ಪಿ ಕುಳಿತಿದ್ದೀರಿ ಎಂದು ಪ್ರಾರ್ಥನೆಯ ನಡುವೆಯೇ ಎಬ್ಬಿಸಲು ನೋಡಿದರು. ಪ್ರಾರ್ಥನೆ ಮುಗಿಯುತ್ತಲೇ ಕರಿಯ ಸದಸ್ಯರೆಲ್ಲ ಎದ್ದು ಹೊರನಡೆದರು. ಅವರಲ್ಲಿದ್ದ ರಿಚರ್ಡ್ ಆಲನ್, ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದವರು, ಒಂದು ಹಳೆಯ ಕಮ್ಮಾರಸಾಲೆಯನ್ನು ತಮ್ಮ ನಿವೇಶನಕ್ಕೆ ಎಳೆಸಿ ತಂದು 1794ರಲ್ಲಿ ಬೆತೆಲ್ ಚರ್ಚ್ ತೆರೆದರು. 1816ರಲ್ಲಿ ಅದರಿಂದ ಆಫ್ರಿಕನ್ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚ್ ಎಂಬ ಸ್ವತಂತ್ರ ಸಭೆ ಬೆಳೆಯಿತು. ಜನರನ್ನು ಮಾತಿಗೆ ಹತ್ತಿರ ತರಲು ಮಾಡಿದ ಗ್ಯಾಲರಿಯೇ ಇಲ್ಲಿ ಜನರನ್ನು ದೂರ ಇಡುವ ಸಾಧನವಾಗಿತ್ತು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಜಾತಿಯ ರೂಪದಲ್ಲಿ ಬಂತು. 1833ರಲ್ಲಿ ಕಲ್ಕತ್ತಾದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಚರ್ಚಿನಲ್ಲಿ ಜಾತಿಭೇದ ಬಿಡಲೇಬೇಕು ಎಂದರು. ತಂಜಾವೂರಿನ ಕಡೆ ಅದಕ್ಕೆ ವಿರೋಧವೂ ಆಯಿತು. ವಾದ ನಡೆದದ್ದು ಕೂಡುವ ಜಾಗದ ಬಗ್ಗೆಯೇ.

8. ಕರ್ನಾಟಕಕ್ಕೆ ಬಂದ ಬಗೆ

ಕನ್ನಡ ನಾಡಿಗೆ ಮೆಥೋಡಿಸ್ಟರು ಎರಡು ದಾರಿಯಲ್ಲಿ ಬಂದರು. ಮೊದಲನೆಯವರು ಇಂಗ್ಲೆಂಡಿನ ವೆಸ್ಲಿಯನ್ನರು. 1821ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿ, ಗುಬ್ಬಿ, ತುಮಕೂರು, ಮೈಸೂರು ಕಡೆಗೆ ಹರಡಿದರು. ಮೈಸೂರಿನ ವೆಸ್ಲಿ ಪ್ರೆಸ್ ಕನ್ನಡ ಮುದ್ರಣದ ಇತಿಹಾಸದಲ್ಲಿ ಹೆಸರಾದದ್ದು. ಎರಡನೆಯವರು ಅಮೆರಿಕದ ಮೆಥೋಡಿಸ್ಟರು. ಭಾರತಕ್ಕೆ 1856ರಲ್ಲಿ ಬಂದ ಅವರು ಮುಂದೆ ಕೋಲಾರ, ಬೀದರ್, ಯಾದಗಿರಿ ಮುಂತಾದ ಕಡೆ ಶಾಲೆ, ಆಸ್ಪತ್ರೆ ನಡೆಸಿದರು. ನಮ್ಮ ಬೆಳಗಾವಿಯಲ್ಲಿ 1820ರಿಂದ ಇದ್ದದ್ದು ಲಂಡನ್ ಮಿಶನರಿ ಸೊಸೈಟಿ. ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಅದನ್ನು ಆರಂಭಿಸಿದರು. 20ನೇ ಶತಮಾನದ ಆರಂಭದಲ್ಲಿ ಆ ಸೊಸೈಟಿ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿತು.

1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದಾಗ ವೆಸ್ಲಿಯನ್ನರು ಅದರಲ್ಲಿ ಸೇರಿದರು. ಅಮೆರಿಕದ ಶಾಖೆ ಸೇರಲಿಲ್ಲ. ಅದು 1981ರಿಂದ ಭಾರತದ ಮೆಥೋಡಿಸ್ಟ್ ಚರ್ಚ್ ಎಂಬ ಸ್ವಾಯತ್ತ ಸಭೆಯಾಗಿದೆ. ಬೆಂಗಳೂರಿನ ಹಳೆಯ ವೆಸ್ಲಿಯನ್ ಚರ್ಚಿನ ಫಲಕದಲ್ಲಿ ಸಿ.ಎಸ್.ಐ. ಎಂದೂ, ಬೆಳಗಾವಿಯ ಫಲಕದಲ್ಲಿ ಮೆಥೋಡಿಸ್ಟ್ ಎಂದೂ ಇರುವುದಕ್ಕೆ ಇದೇ ಕಾರಣ.

ಕಟ್ಟಡದ ರೂಪವೂ ಅಷ್ಟರಲ್ಲಿ ಬದಲಾಗಿತ್ತು. 1850ರಲ್ಲಿ ಎಫ್. ಜೆ. ಜಾಬ್ಸನ್ ಎಂಬ ವೆಸ್ಲಿಯನ್ ಉಪದೇಶಕರು ಚಾಪೆಲ್ ಮತ್ತು ಶಾಲಾ ಕಟ್ಟಡಗಳ ಬಗ್ಗೆ ಪುಸ್ತಕ ಬರೆದು, ಮೆಥೋಡಿಸ್ಟರೂ ಗೋಥಿಕ್ ಶೈಲಿಯಲ್ಲಿ ಕಟ್ಟಬೇಕು ಎಂದು ವಾದಿಸಿದರು. ನೋಡಿದ ಕೂಡಲೇ ಇದು ದೇವರ ಮನೆ ಎಂದು ತಿಳಿಯಬೇಕು, ಸಭಾಭವನದಂತೆ ಕಾಣಬಾರದು ಎಂಬುದು ಅವರ ನಿಲುವು. ಚೂಪು ಕಮಾನು, ಕಡಿದಾದ ಇಳಿಜಾರಿನ ಛಾವಣಿ, ಎತ್ತರಕ್ಕೆ ಕಣ್ಣೆಳೆಯುವ ಗೆರೆಗಳು ಈ ಶೈಲಿಯ ಗುರುತು.

ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚ್ ಇದಕ್ಕೆ ನಮ್ಮ ನಾಡಿನ ಉದಾಹರಣೆ. ಮಹಾನಗರ ಪಾಲಿಕೆಯ ಕಚೇರಿಯ ಹತ್ತಿರ ಹಡ್ಸನ್ ವೃತ್ತ ಎಂದು ಕರೆಯುವ ಜಾಗದಲ್ಲಿ ಅದು ಇದೆ. ಶಾಲೆಗಳನ್ನು ತೆರೆದು ಶಿಕ್ಷಣಕ್ಕಾಗಿ ದುಡಿದ ವೆಸ್ಲಿಯನ್ ಮಿಶನರಿ ಜೋಸಾಯ ಹಡ್ಸನ್ ಅವರ ನೆನಪಿಗೆ 1904ರಲ್ಲಿ ಕಟ್ಟಿದ್ದು. ಶೈಲಿ ಗೋಥಿಕ್, ಸಭೆ ಕನ್ನಡದ್ದು. ಯುರೋಪಿನ ಚೂಪು ಕಮಾನಿನ ಕೆಳಗೆ ಕನ್ನಡ ಕೀರ್ತನೆ, ಕನ್ನಡ ಪ್ರಸಂಗ. ಎಂಟು ಮೂಲೆಯ ಉಪದೇಶದ ಮನೆಯಿಂದ ಇಲ್ಲಿಯವರೆಗೆ ಆಕಾರ ಪೂರ್ತಿ ಬದಲಾದರೂ, ಜನ ತಮ್ಮ ಭಾಷೆಯಲ್ಲಿ ಮಾತು ಕೇಳಿ ತಾವೂ ಹಾಡಬೇಕು ಎಂಬ ಮೂಲ ಕೆಲಸ ಬದಲಾಗಲಿಲ್ಲ.

9. ಹೋಲಿಸಿ ನೋಡುವುದು

ವಿಜಯಪುರದ ಜಾಮಿಯಾ ಮಸೀದಿಗೆ ಹೋದಾಗ ನೆಲವನ್ನು ನೋಡಿದ್ದೀರಾ? ಒಬ್ಬೊಬ್ಬರು ನಮಾಜಿಗೆ ನಿಲ್ಲಲು ಒಂದೊಂದು ಜಾಗದಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಟ್ಟುಗಳನ್ನು ನೆಲದ ಮೇಲೆ ಗೆರೆ ಎಳೆದು ಗುರುತಿಸಿದ್ದಾರೆ. ಎಲ್ಲವೂ ಒಂದೇ ಅಳತೆ. ಸರದಾರನಿಗೆ ದೊಡ್ಡದು, ನೇಕಾರನಿಗೆ ಸಣ್ಣದು ಎಂದಿಲ್ಲ. ವೆಸ್ಲಿಯ ಒರಗಿಲ್ಲದ ಬೆಂಚೂ ಅದನ್ನೇ ಮಾಡಲು ನೋಡಿತು.

ವ್ಯತ್ಯಾಸವೂ ಇದೆ. ಮಸೀದಿಗೆ ಕಿಬ್ಲಾದ ದಿಕ್ಕು ಮುಖ್ಯ. ಮುಂದಿನ ಸಾಲಿನಲ್ಲಿ ಹೆಚ್ಚು ಜನ ನಿಲ್ಲಲೆಂದು ಕಟ್ಟಡ ಅಗಲಕ್ಕೆ ಹರಡುತ್ತದೆ. ಚಾಪೆಲ್‌ನಲ್ಲಿ ಪ್ರಸಂಗಪೀಠದ ಸುತ್ತ ಜನ ನೆರೆಯುತ್ತಾರೆ. ಖುತ್ಬಾ ಹೇಳುವ ಮಿಂಬರ್ ಮೆಟ್ಟಿಲೇರಿ ಎತ್ತರದಲ್ಲಿದೆ, ಪ್ರಸಂಗಪೀಠವೂ ಹಾಗೆಯೇ, ಎರಡಕ್ಕೂ ಕಾರಣ ಒಂದೇ. ದೊಡ್ಡ ಮಸೀದಿಗಳಲ್ಲಿ ಇಮಾಮರ ತಕ್ಬೀರ್ ಅನ್ನು ಹಿಂದಿನ ಸಾಲುಗಳಿಗೆ ಕೇಳುವಂತೆ ಮತ್ತೆ ಹೇಳುವ ಮುಕಬ್ಬಿರ್ ಇರುತ್ತಾರೆ. ಚಾಪೆಲ್ ಅದೇ ತೊಂದರೆಯನ್ನು ಗ್ಯಾಲರಿಯಿಂದ ಬಗೆಹರಿಸಿತು. ಅಥಣಿಯ ಗಚ್ಚಿನ ಮಠದಲ್ಲಿ, ಊರಿನ ಬಸದಿಯಲ್ಲಿ, ದರ್ಗಾದ ಅಂಗಳದಲ್ಲಿ ಜನ ಕೂಡುವ ಬಗೆಯನ್ನೂ ಇದೇ ಕಣ್ಣಿನಿಂದ ನೋಡಬಹುದು.

10. ನಿಮ್ಮ ಕೆಲಸ

ಬೆಳಗಾವಿಗೆ ಹೋದಾಗ, ಅಥವಾ ನಿಮ್ಮ ಊರ ಹತ್ತಿರವೇ ಹಳೆಯ ಚರ್ಚ್ ಇದ್ದರೆ, ಇಬ್ಬರು ಮೂವರು ಸೇರಿ ಒಂದು ಅಧ್ಯಯನ ಮಾಡಿ. ಸಭಾಪಾಲಕರನ್ನು ಮೊದಲೇ ಕಂಡು ಅನುಮತಿ ಕೇಳಿ. ಆರಾಧನೆಯ ಹೊತ್ತಿನಲ್ಲಿ ಅಳತೆ, ಫೋಟೋ ಬೇಡ. ಪಾದರಕ್ಷೆ ಬಿಡುವುದು, ಎಲ್ಲಿ ನಿಲ್ಲುವುದು ಎಲ್ಲವನ್ನೂ ಅಲ್ಲಿಯವರು ಹೇಳಿದಂತೆ ಪಾಲಿಸಿ. ನಮ್ಮ ಇಬಾದತ್‌ಖಾನೆಗೆ ಬರುವ ಅತಿಥಿಯಿಂದ ನಾವು ಬಯಸುವ ಮರ್ಯಾದೆಯನ್ನೇ ನಾವೂ ಕೊಡಬೇಕು.

ಬರೆದುಕೊಳ್ಳಬೇಕಾದದ್ದು: ಕಟ್ಟಡದ ಉದ್ದ, ಅಗಲ, ಅಂದಾಜು ಎತ್ತರ. ಗೋಡೆ ಕಲ್ಲಿನದೋ ಇಟ್ಟಿಗೆಯದೋ. ಛಾವಣಿಗೆ ಮಂಗಳೂರು ಹಂಚೋ, ಪತ್ರಾವೋ, ಕಾಂಕ್ರೀಟೋ. ಕಮಾನು ದುಂಡಗಿದೆಯೋ ಚೂಪಾಗಿ ಕೂಡುತ್ತದೆಯೋ. ಪ್ರಸಂಗಪೀಠ ನಡುವಿದೆಯೋ ಬದಿಗಿದೆಯೋ. ಬೆಂಚುಗಳೋ ಚಾಪೆಯೋ. ಅಡಿಗಲ್ಲಿನ ಬರಹ ಯಾವ ಭಾಷೆಯಲ್ಲಿದೆ, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ. ಸಭೆಯ ಹಿರಿಯರಿದ್ದರೆ, ಮೊದಲು ಹೇಗಿತ್ತು, ಏನೇನು ಬದಲಾಯಿತು ಎಂದು ಕೇಳಿ ಬರೆದುಕೊಳ್ಳಿ. ಹಳೆಯ ಬೆಂಚು, ಹಂಚು, ಕಿಟಕಿಗಳು ದುರಸ್ತಿಯ ಹೆಸರಿನಲ್ಲಿ ಬೇಗ ಮಾಯವಾಗುತ್ತವೆ. ನಿಮ್ಮ ಟಿಪ್ಪಣಿಯೇ ನಾಳೆ ದಾಖಲೆಯಾದೀತು.

ಅಭ್ಯಾಸದ ಪ್ರಶ್ನೆಗಳು

1. ಮೆಥೋಡಿಸ್ಟರು ತಮ್ಮ ಮೊದಲ ಕಟ್ಟಡಗಳನ್ನು 'ಉಪದೇಶದ ಮನೆ' ಎಂದು ಕರೆದದ್ದೇಕೆ?

2. 600 ಚದರ ಮೀಟರ್ ನೆಲಕ್ಕೆ ಚೌಕ ಮತ್ತು ಸಮ ಅಷ್ಟಭುಜಗಳ ಸುತ್ತಳತೆ ಲೆಕ್ಕ ಹಾಕಿ ಹೋಲಿಸಿ.

3. ಪಾಠದಲ್ಲಿ ಕೊಟ್ಟ ಚಾಪೆಲ್‌ನಲ್ಲಿ 100 ಜನ ಮಾತ್ರ ಕುಳಿತರೆ ಅನುರಣನ ಕಾಲ ಎಷ್ಟು? (ಉತ್ತರ: ಸುಮಾರು 1.6 ಸೆಕೆಂಡ್)

4. ಗ್ಯಾಲರಿ ಲಂಡನ್ನಿನಲ್ಲಿ ಮಾಡಿದ ಕೆಲಸಕ್ಕೂ ಫಿಲಡೆಲ್ಫಿಯಾದಲ್ಲಿ ಮಾಡಿದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ.

5. ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮೈಕ್ ಇಲ್ಲದೆ ಒಬ್ಬರು ಓದಲಿ. ಯಾವ ಸಾಲಿನವರೆಗೆ ಸ್ಪಷ್ಟವಾಗಿ ಕೇಳಿತು, ಆ ಹೊತ್ತು ಮುಂದೆ ಯಾರು ಕುಳಿತಿದ್ದರು, ಹಿಂದೆ ಯಾರು ಕುಳಿತಿದ್ದರು ಎಂದು ನಕ್ಷೆ ಬರೆದು ತನ್ನಿ.